ಮಾಲೂರಿನಲ್ಲಿ ದಕ್ಷಿಣ ಕೆರೊಲಿನಾ

ಮೂರನೇ ಪೀರಿಯಡ್ಡು. ಕರೆಂಟಿಲ್ಲ. ಹಾಜರಿ ಹದಿನೇಳು.
ಭತ್ತ, ನೀಲಿ, ಹತ್ತಿ ಎಂದೆ. ಬರೆದುಕೊಂಡರು.
ಸಾವಿರದ ಎಂಟುನೂರ ಒಂದು, ಅಲ್ಲೊಂದು ಕಾಲೇಜು ಎಂದೆ.
ಕಟ್ಟಿದವರು ಗುಲಾಮರು, ಓದಿದವರು ಒಡೆಯರ ಮಕ್ಕಳು.
ಅದನ್ನೂ ಬರೆದುಕೊಂಡರು, ಕೆಳಗೆ ಗೆರೆ ಎಳೆದು,
ಐದು ಅಂಕಕ್ಕೆ ಬರಬಹುದೆಂದು.

ಮೊಬೈಲಿನಲ್ಲಿ ಒಂದು ಚಿತ್ರ: ಹಳೆಯ ಗೋಡೆ,
ಇಟ್ಟಿಗೆಯ ಮೈಮೇಲೆ ಮೂರು ಬೆರಳ ಗುರುತು.
ಕೈಯಿಂದ ಕೈಗೆ ಹೋದ ಫೋನನ್ನು
ಕೊನೆ ಬೆಂಚಿನ ಚೌಡೇಶ್ವರಿ ವಾಪಸು ಕೊಡಲೇ ಇಲ್ಲ.

"ಹಸೀದಿದ್ದಾಗಲೇ ಎತ್ತಿಬಿಟ್ಟವ್ರೆ ಮೇಡಂ.
ಮೋಡ ಆಗಿರಬೇಕು, ಅವಸರ ಬಿದ್ದವ್ರೆ.
ಬೆರಳು ನೋಡಿ ಎಷ್ಟು ಸಣ್ಣವು,
ಎಂಟೊಂಬತ್ತು ವರ್ಷದ್ದು.
ನಮ್ಮಮ್ಮ ಆಗಿದ್ರೆ ಒಂದು ಬಿಡೋಳು ಬೆನ್ನಿಗೆ;
ಗುರುತು ಬಿದ್ದಿದ್ದಕ್ಕೆ ಮೇಸ್ತ್ರಿ ಕಾಸು ಹಿಡ್ಕೊತಾನೆ."

ಇಸವಿ ಗೊತ್ತು ನನಗೆ, ಯುದ್ಧ ಗೊತ್ತು,
ಯಾವ ತಿದ್ದುಪಡಿ ಯಾವ ವರ್ಷ, ಎಲ್ಲ ಗೊತ್ತು.
ಆ ದಿನ ಮೋಡವಿತ್ತೆಂದು
ಯಾವ ಪುಸ್ತಕದಲ್ಲೂ ಓದಿರಲಿಲ್ಲ.

ಗಂಟೆ ಹೊಡೆಯಿತು. ಫೋನು ಬಂತು,
ಗಾಜಿನ ಮೇಲೆ ಹದಿನೇಳು ಜನರ ಬೆವರು.
ಒರೆಸಲಿಲ್ಲ.

ಹಾಜರಿ ಪುಸ್ತಕ ಮುಚ್ಚಿ ಗೋಡೆ ಮುಟ್ಟಿದೆ:
ನಮ್ಮದಕ್ಕೆ ಪ್ಲಾಸ್ಟರು ದಪ್ಪ,
ಮೇಲೆ ಮೊನ್ನೆ ತಾನೇ ಹೊಡೆದ ಬಣ್ಣ,
ನ್ಯಾಕ್ ತಂಡ ಬರುತ್ತದೆಂದು.