ಹೊಲಿಗೆಯೊಳಗೆ ಬಿಟ್ಟ ಬಟ್ಟೆ

ಮೂವತ್ತೊಂದು ವರ್ಷದಿಂದ ಈ ಟೇಪು ನನ್ನ ಕೊರಳಲ್ಲಿ.
ಕೋಡಿಬಾಗ ರಸ್ತೆಯ ಹೆಂಗಸರ ಸೊಂಟವೆಲ್ಲ
ನನಗೆ ಬಾಯಿಪಾಠ; ಬಾಯಿ ಬಿಡುವುದಿಲ್ಲ, ಅಷ್ಟೆ.
ಇವತ್ತು ಡಾಕ್ಟರಮ್ಮ ತನ್ನ ಟೇಪು ನನಗೆ ಸುತ್ತಿದಳು.
ಸಡಿಲ ಹಿಡಿದಿದ್ದಳು, ನಾನೇ ಸರಿಮಾಡಿ ಕೊಟ್ಟೆ:
'ಉಸಿರು ಬಿಟ್ಟ ಮೇಲೆ ಓದಬೇಕು, ಮೇಡಂ.'
ತೊಂಬತ್ತೊಂದು.

ಖಾಲಿ ಹೊಟ್ಟೆಯ ಸಕ್ಕರೆ ನೂರಾ ಹದಿನೆಂಟು.
ಮುಟ್ಟು ನಿಂತು ಮೂರು ವರ್ಷ.
ಬೆವರುತ್ತೀರಾ, ಎಂದಳು.

ಕಾರವಾರದಲ್ಲಿ ಬೆವರಿನ ದೂರು ಯಾರು ಕೇಳುತ್ತಾರೆ?
ಮೇ ತಿಂಗಳಲ್ಲಿ ಇಲ್ಲಿ ಗೋಡೆಯೂ ಬೆವರುತ್ತದೆ.
ಇದು ಬೇರೆ. ಎದೆಯೊಳಗೆ ಯಾರೋ
ಇಸ್ತ್ರಿಪೆಟ್ಟಿಗೆಗೆ ಕೆಂಡ ತುಂಬಿದ ಹಾಗೆ,
ಕಿವಿವರೆಗೆ ಏರಿ, ಆಮೇಲೆ ಬೆನ್ನೆಲ್ಲ ತಣ್ಣಗೆ.
ರಾತ್ರಿ ಎರಡಕ್ಕೆ ಹೊಸ್ತಿಲಲ್ಲಿ ಕೂತರೆ
ಬೈತಖೋಲದ ಕಡೆಯಿಂದ ದೋಣಿಯ ಮೋಟಾರು,
ಎಚ್ಚರವಿರುವುದು ನಾವಿಬ್ಬರೇ.

'ಮುಟ್ಟು ನಿಂತರೆ ಸುಖ' ಎನ್ನುತ್ತಿದ್ದಳು ಆಯಿ.
ಐವತ್ತೆಂಟಕ್ಕೆ ಬಾವಿಕಟ್ಟೆಯಲ್ಲಿ ಜಾರಿ ಸೊಂಟದ ಎಲುಬು ಮುರಿದಳು.
ಪಾಚಿಯನ್ನು ಬೈದೆವು ಎಲ್ಲರೂ.

ಎದೆಯ ಪರೀಕ್ಷೆ, ರಕ್ತ, ಬಿ.ಪಿ. ಎಲ್ಲ ನೋಡಿ
ತೋಳಿಗೆ ಹಚ್ಚಲು ಜೆಲ್ ಬರೆದಳು, ರಾತ್ರಿಗೊಂದು ಗುಳಿಗೆ.
ನಿಂತುಹೋದದ್ದನ್ನು ಹನಿಯಷ್ಟು ಹೊರಗಿಂದ ಕೊಡುವುದಂತೆ.
'ನಿದ್ದೆಗೆ, ಬೆವರಿಗೆ ಇದು. ಸಕ್ಕರೆಯ ಮದ್ದಲ್ಲ.
ಅದಕ್ಕೆ ಕಾಲು ಆಡಬೇಕು, ಅನ್ನ ಇಳಿಯಬೇಕು.'

ಅನ್ನದ ಮಾತು ಆಮೇಲೆ. ಬಂಗಡೆಯ ಸಾರಿನ ಮುಂದೆ
ಯಾರಿಗೂ ಮಾತು ಕೊಡುವವಳಲ್ಲ ನಾನು.
ಕಾಲಿನದು ಮಾತ್ರ ಅವತ್ತೇ ಆಯಿತು:
ಮಿಶಿನ್ನಿಗೆ ಅಳಿಯ ಕೂಡಿಸಿದ್ದ ಮೋಟಾರು ಬಿಚ್ಚಿದೆ.
ಹಳೇ ಪೆಡಲು ನಾಲ್ಕು ಹನಿ ಎಣ್ಣೆ ಕುಡಿದು
ಗೊಣಗುತ್ತ ಎದ್ದಿತು, ನನ್ನ ಮೊಣಕಾಲಿನ ಹಾಗೆ.

ಜೆಲ್ ಒಣಗಿ ತೋಳು ಮುಚ್ಚುವವರೆಗೆ
ಮಗುವನ್ನು ಎತ್ತಿಕೊಳ್ಳಬಾರದು.
ಮೊಮ್ಮಗಳು ಬಾಗಿಲಲ್ಲಿ ನಿಂತು ಮುನ್ನೂರು ಎಣಿಸುತ್ತಾಳೆ,
ನೂರರ ನಂತರ ಎಲ್ಲ ಮೋಸ.

ಎಂಟು ವಾರಕ್ಕೆ ರಾತ್ರಿಗಳು ಮರಳಿದವು, ಪೂರ್ತಿಯಲ್ಲ.
ಸೊಂಟ ತೊಂಬತ್ತು. ಸಕ್ಕರೆ ಇನ್ನೂ ನೋಡಿಲ್ಲ, ಹೆದರಿಕೆ.

ನಿನ್ನೆ ಸುಂಕೇರಿಯಿಂದ ಫಿಲೋಮಿನಾಬಾಯಿ ಬಂದಳು,
ಮಗಳ ಮದುವೆಗೆ ರೇಷ್ಮೆಯ ಪೋಲಕ.
'ಹಳೇ ಅಳತೆಯೇ ಇರಲಿ' ಎಂದಳು ಎಂದಿನ ಹಾಗೆ.
ನಲವತ್ತೈದು ದಾಟಿದವರ ಪೋಲಕಕ್ಕೆ
ಪಕ್ಕದ ಹೊಲಿಗೆಯೊಳಗೆ ಒಂದೂವರೆ ಇಂಚು
ಕೇಳದೆಯೇ ಬಿಡುತ್ತೇನೆ ನಾನು.
ಕಲಿಸಿದವರಿಲ್ಲ. ಮೈ ಬದಲಾಗುವುದು
ಕೈಗೆ ಮೊದಲು ಗೊತ್ತಾಗಿತ್ತು,
ಹೆಸರು ಮಾತ್ರ ಗೊತ್ತಿರಲಿಲ್ಲ.

ಟೇಪು ಕೊರಳಿಂದ ತೆಗೆಯದೆ ಕೇಳಿದೆ:
'ರಾತ್ರಿ ನಿದ್ದೆ ಬರುತ್ತದಾ, ಬಾಯಿ?'

ಅವಳು ರಸ್ತೆಯ ಕಡೆ ಒಮ್ಮೆ ನೋಡಿ
ಒಳಗೆ ಬಂದು ಪರದೆ ಎಳೆದಳು.