ಮೂರನೆಯ ಸಹಿ

ಹಾಳೆಯೊಂದೇ. ಮೇಲೆ ಅವನ ಹೆಸರು: ಗಿಬ್ಬಿ ಐಸ್‌ಬಿಸ್ಟರ್,
ವಯಸ್ಸು ಎಂಬತ್ತನಾಲ್ಕು, ಗುಂಡಿಗೆ ದಣಿದಿದೆ.
ಕೆಳಗೆ ಮೂರು ಗೆರೆ.
ಮೊದಲನೆಯದರ ಮೇಲೆ ಡಾಕ್ಟರದು, ಜಲಸಂಧಿಯಾಚೆಯ ಯೆಲ್ ದ್ವೀಪದಿಂದ
ದೋಣಿಯಲ್ಲಿ ಬಂದ ಕೋಳಿಕಾಲಿನ ಗೀಚು.
ಎರಡನೆಯದು ನನ್ನದು: ಓಸ್ಲಾ ಮ್ಯಾನ್ಸನ್, ಫೆಟ್ಲರ್ ದ್ವೀಪದ ನರ್ಸು.
ಶಾಲೆಯ ಹುಡುಗಿಯ ಹಾಗೆ ಒಂದೊಂದಕ್ಷರ ದುಂಡಗೆ.
ಮೂರನೆಯದು ಖಾಲಿ.
"ನಾನ್ಯಾಕೆ?" ಎಂದ. "ಮಾತ್ರೆ ನುಂಗುವವನೇ
ಮಾತ್ರೆಗೆ ಸಾಕ್ಷಿಯೂ ಆಗಬೇಕೋ?"

ಅಡುಗೆಮನೆಯ ಮೇಜಿನ ಮೇಲಿದ್ದ ಒದ್ದೆ ಕೈಗವಸು ಸರಿಸಿ
ಓದಿ ಹೇಳಿದೆ:
ದಿನಾ ಬೆಳಿಗ್ಗೆ, ಉಚ್ಚೆ ಹೊಯ್ದ ಮೇಲೆ, ತಿಂಡಿಗೆ ಮೊದಲು, ತೂಕ.
ಮೂರು ದಿನದಲ್ಲಿ ಎರಡು ಕಿಲೋ ಏರಿದರೆ
ನೀರಿಳಿಸುವ ಮಾತ್ರೆ ಒಂದರ ಬದಲು ಎರಡು.
ಅದನ್ನು ಬರೆಯುವ ಕೈ ನನ್ನದು.
ರಕ್ತದಲ್ಲಿ ಪೊಟ್ಯಾಸಿಯಂ ಕುಸಿದರೆ, ಮೂತ್ರಪಿಂಡ ಮುನಿಸಿಕೊಂಡರೆ,
ಏದುಸಿರು ತೀರಾ ಹೆಚ್ಚಿದರೆ
ನನ್ನ ಪೆನ್ನು ಅಲ್ಲಿಗೆ ನಿಂತು ಫೋನು ಶುರುವಾಗುತ್ತದೆ.

"ಅಂದರೆ ನೀನು ಅರ್ಧ ಡಾಕ್ಟರು."
ಅಲ್ಲ. ಇಡೀ ನರ್ಸು.
ಬೇಲಿ ಹಾಕಿಕೊಟ್ಟ ಹುಲ್ಲುಗಾವಲು ಇದು,
ಒಳಗೆ ನನ್ನ ಕೊರಳಿಗೆ ಹಗ್ಗವಿಲ್ಲ.
ನಕ್ಕ. ಕುರಿ ಸಾಕಿದವನಿಗೆ ಬೇಲಿಯ ಮಾತು ಬೇಗ ತಿಳಿಯುತ್ತದೆ.

ಹದಿನೇಳಕ್ಕೇ ತಿಮಿಂಗಿಲದ ಹಡಗು ಹತ್ತಿ
ದಕ್ಷಿಣದ ಹಿಮಕ್ಕೆ ಹೋಗಿದ್ದವನು,
ಕರಾರಿನ ಕಾಗದಕ್ಕೆ ಓದದೆ ಸಹಿ ಹಾಕಿ
ಹದಿನೆಂಟು ತಿಂಗಳು ಮನೆ ಕಾಣದವನು.
ಅದಕ್ಕೇ ಎರಡು ಸಲ ಓದಿಸಿದ.
"ತೀರಾ" ಎಂಬ ಪದದ ಮೇಲೆ ಬೆರಳಿಟ್ಟ. ತೀರಾ ಅಂದರೆ ಎಷ್ಟು?
ಅಂಚಿನಲ್ಲಿ ಬರೆದೆ: ಕೊಟ್ಟಿಗೆಯ ಬಾಗಿಲು ಮುಟ್ಟುವಷ್ಟರಲ್ಲಿ
ಎರಡು ಸಲ ನಿಂತರೆ.
ಹಾಳೆ ಮತ್ತೆ ದೋಣಿ ಹತ್ತಿತು. ಡಾಕ್ಟರು ಅಂಚಿಗೂ ಒಂದು ಗೀಚು ಕೊಟ್ಟರು.
ಆಮೇಲೆಯೇ ಗಿಬ್ಬಿ ಕನ್ನಡಕ ಹುಡುಕಿದ್ದು.

ಫೆಬ್ರವರಿ. ದೋಣಿ ಕಟ್ಟಿಹಾಕಿ ಮೂರು ದಿನ.
ಗಾಳಿ ಯಾರದೋ ಕೋಳಿಗೂಡನ್ನೆತ್ತಿ ಚರ್ಚಿನ ಹಿತ್ತಿಲಿಗೆ ಒಗೆದಿತ್ತು.
ಉಣ್ಣೆಯ ಲೆಕ್ಕ ಬರೆಯುತ್ತಿದ್ದ ಹಳೆಯ ಪುಸ್ತಕದಲ್ಲಿ
ಎಪ್ಪತ್ತೊಂದು, ಎಪ್ಪತ್ತೆರಡು, ಎಪ್ಪತ್ತಮೂರೂವರೆ.
ಕಣಕಾಲಿಗೆ ಹೆಬ್ಬೆರಳೊತ್ತಿದೆ,
ಕಲಸಿದ ಹಿಟ್ಟಿನಲ್ಲಿ ಉಳಿದ ಹಾಗೆ ಗುಳಿ ಉಳಿಯಿತು.

ಬರೆಯುವ ಮೊದಲು ಕೇಳಬೇಕು, ಹಾಳೆಯ ಆರನೆಯ ಸಾಲು:
ಬೇರೇನಾದರೂ ನುಂಗಿದ್ದೀಯಾ?
ಕಿಟಕಿಯ ಕಡೆ ನೋಡಿದ.
ಮಂಡಿ ನೋವು. ಪಕ್ಕದ ಮನೆಯ ಜೆಮಿಮಾ
ತನ್ನ ಗಂಡನ ಡ್ರಾಯರಿನಿಂದ (ಅವನು ಸತ್ತು ಆರು ವರ್ಷ)
ಗುಲಾಬಿ ಮಾತ್ರೆ ಕೊಟ್ಟಿದ್ದಳು, ದಿನಕ್ಕೆ ಮೂರು,
ಜೊತೆಗೊಂದು ಶುಂಠಿ ಕೇಕು.
ನನ್ನ ಬಿಳಿ ಮಾತ್ರೆ ಬಿಡಿಸಿದ ನೀರನ್ನೆಲ್ಲ
ಆ ಗುಲಾಬಿ ಮಾತ್ರೆ ಬಾಗಿಲಲ್ಲೇ ಹಿಡಿದು ಕೂರಿಸಿತ್ತು.

ನಾನೋ, ಎರಡು ಚಳಿಗಾಲ ರಾತ್ರಿ ಓದಿ,
ಪರೀಕ್ಷೆ ಬರೆದು, ಡಾಕ್ಟರ ಬೆನ್ನ ಹಿಂದೆ ದಿನವೆಣಿಸಿ
ಈ ಒಂದು ಸಾಲಿನ ಹಕ್ಕು ಪಡೆದವಳು.
ಜೆಮಿಮಾಳಿಗೆ ಒಂದು ಡ್ರಾಯರು ಸಾಕಾಯಿತು.
ಸಿಟ್ಟು ಬಂತು. ಕೇಕು ಚೆನ್ನಾಗಿತ್ತು, ಅದಕ್ಕೂ ಸಿಟ್ಟು ಬಂತು.

ಬರೆದೆ: ಎರಡು ಮಾತ್ರೆ, ಐದು ದಿನ. ಗುಲಾಬಿಯದು ಇಂದೇ ನಿಲ್ಲಲಿ.
"ಮಂಡಿಗೆ?"
ಮಂಡಿ ಈ ಹಾಳೆಯಲ್ಲಿಲ್ಲ, ಗಿಬ್ಬಿ.
ದೋಣಿ ಬಿಟ್ಟ ದಿನ ಕೇಳೋಣ. ಅಲ್ಲಿಯತನಕ ಬಿಸಿನೀರಿನ ಚೀಲ.
ಬೇಲಿಯ ಆಚೆ ಇದ್ದ ಹುಲ್ಲನ್ನು ಇಬ್ಬರೂ ಸ್ವಲ್ಪ ಹೊತ್ತು ನೋಡಿದೆವು.

ಆರನೆಯ ದಿನ ತೂಕ ಎಪ್ಪತ್ತೊಂದೂಕಾಲು.
ಜೆಮಿಮಾ ಬಂದಳು, ಕೇಕಿನ ಡಬ್ಬಿ ಹೊತ್ತು.
ಒಳಗೆ ಇಡೀ ಡ್ರಾಯರು: ಸೀಸೆ, ಪಟ್ಟಿ, ಅರ್ಧ ಹರಿದ ಪೊಟ್ಟಣ,
ಪ್ರತಿಯೊಂದರ ಮೇಲೂ ಗಂಡನ ಹೆಸರು.
"ಮಾತ್ರೆ ಎಲ್ಲ ಒಯ್ಯಿ" ಎಂದಳು. "ಹೆಸರು ಮಾತ್ರ ಕಿತ್ತು ಕೊಡು."

ಗಿಬ್ಬಿ ಎದ್ದು ಕೆಟಲು ಒಲೆಗಿಟ್ಟ.
ಹಬೆಗೆ ಹಿಡಿದು, ಉಗುರಿನ ತುದಿಯಿಂದ
ಒಂದೊಂದೇ ಎಬ್ಬಿಸಿದೆ, ಹರಿಯದ ಹಾಗೆ.