ಸತ್ತದ್ದಕ್ಕೂ ಲಗೇಜು

ಶಕ್ತಿನಗರದ ಕ್ವಾರ್ಟರ್ಸು, ಎರಡನೇ ಮಹಡಿ.
ಬಾಗಿಲು ತೆಗೆದವರು ಬನಿಯನ್ನಿನಲ್ಲಿದ್ದರು.
'ಗಿಟಾರಿಗೆ ಬಂದವ್ರಾ? ಚಪ್ಪಲ್ ಒಳಗ ಬಿಡ್ರಿ,
ಹೊರಗ ಬೂದಿ ಕೂಡ್ತದ.'
ಹೆಸರು ದೇವಪುತ್ರ. ಟರ್ಬೈನ್ ಸೆಕ್ಷನ್ನು, ರಿಟೈರು.
ಮೂವತ್ತೊಂದಕ್ಕೆ ಮನೆ ಖಾಲಿ ಮಾಡಬೇಕು.
ಗೋಡೆಯ ಫೋಟೋದಲ್ಲಿ ಕಾಲೊನಿ ಕ್ಲಬ್ಬು,
ನಾಲ್ಕು ಮಂದಿ, ಹಳದಿ ಹೆಲ್ಮೆಟ್ಟು ಹಾಕಿಕೊಂಡೇ
ಬಾರಿಸುತ್ತಿದ್ದಾರೆ.

ಮಂಚದ ಮೇಲೆ ಎರಡು ಗಿಟಾರು,
ಜ್ವರ ಬಂದ ಮಕ್ಕಳ ಹಾಗೆ ಮಗ್ಗುಲಿಗೆ ಮಗ್ಗುಲು.
ಕೆಂಪದು, ಮೊಣಕೈ ಊರಿದಲ್ಲಿ ಬಣ್ಣ ಸವೆದು
ಒಳಗಿನ ಮರ ಕಾಣುತ್ತಿತ್ತು.
ಕರೀದು, ಒಂದು ಬಿರಡೆ ಮುರಿದು
ಅಲ್ಲಿ ಪ್ಲಾಂಟಿನ ಬೋಲ್ಟು ಕೂರಿಸಿದ್ದರು.

ನಾನು ಮೋಟಾರು ವೈಂಡಿಂಗಿನವನು,
ತೀನ್ ಕಂದೀಲ್ ಹಿಂದಿನ ಗಲ್ಲಿಯಲ್ಲಿ ಅಂಗಡಿ.
ಹತ್ತೊಂಬತ್ತು ವರ್ಷದಿಂದ ತಾಮ್ರ ಸುತ್ತುತ್ತಿದ್ದೇನೆ:
ನೀರೆತ್ತುವ ತಾಮ್ರ, ಅರಳೆ ಹಿಂಜುವ ತಾಮ್ರ,
ಮಿರ್ಚಿ ಬಂಡಿಯವನಿಗೆ ಕಡಲೆ ಬೀಸುವ ತಾಮ್ರ.
ಎಲ್ಲವೂ ಗುಂಯ್ ಅಂದವೇ ಹೊರತು
ಒಂದೂ ಹಾಡಿರಲಿಲ್ಲ.
ಚರ್ಚಿನ ಕೀಬೋರ್ಡು ರಿಪೇರಿಗೆ ತಂದ ಹುಡುಗ,
'ಗಿಟಾರಿನ ಹೊಟ್ಟಿಯಾಗೂ ನಿಮ್ಮ ಸುರುಳಿನೇ ಅಣ್ಣ,
ಕೂದಲಿಗಿಂತ ಸಣ್ಣ ತಂತಿ, ಸಾವಿರಗಟ್ಟಲೆ ಸುತ್ತು'
ಅಂದ ದಿನದಿಂದ ನನಗೆ ಸರಿಯಾಗಿ ನಿದ್ದೆ ಇಲ್ಲ.
ನಂಬರು ಕೊಟ್ಟವನೂ ಅವನೇ.

ಕೆಂಪದಕ್ಕೆ ವೈರು ಚುಚ್ಚಿ ಒಮ್ಮೆ ಮೀಟಿದರು.
ಕಿಟಕಿಯ ಗಾಜು, ನೀರಿನ ಚೊಂಬು, ನನ್ನ ಎದೆ,
ಈ ಕ್ರಮದಲ್ಲಿ ನಡುಗಿದವು.
ಕರೀದಕ್ಕೆ ಚುಚ್ಚಿದರು.
ಫ್ಯಾನಿನ ಸದ್ದು.
'ಇದು ಸತ್ತದ. ಹೈದರಾಬಾದಿಗೂ ಒಯ್ದಿದ್ದೆ,
ಒಳಗಿಂದೆಲ್ಲ ಹೊಸಾದು ಹಾಕ್ಬೇಕಂದ್ರು.'

ಅವರು ಚಹಾ ತರಲು ಒಳಗೆ ಹೋದರು.
ಅಂಗಿ ಜೇಬಿನಲ್ಲಿ ಮೀಟರಿತ್ತು. ಯಾವಾಗಲೂ ಇರುತ್ತದೆ,
ಬೇರೆಯವರಿಗೆ ಪೆನ್ನಿರುವ ಹಾಗೆ.
ತಿರುಪು ಬಿಚ್ಚಿದೆ. ಕೆಂಪು ಕಡ್ಡಿ, ಕರಿ ಕಡ್ಡಿ ತಾಗಿಸಿದೆ.
ಸುರುಳಿ ಜೀವಂತ.
ಬಿಟ್ಟಿದ್ದು ಬೆಸುಗೆ ಒಂದೇ, ಸಾಸಿವೆಯಷ್ಟು ಸೀಸ,
ಎರಡು ನಿಮಿಷದ ಕೆಲಸ.
ಮತ್ತೆ ತಿರುಪು ಬಿಗಿದು ಬೆರಳು ಪ್ಯಾಂಟಿಗೆ ಒರೆಸಿಕೊಂಡೆ.

'ಎರಡಕ್ಕೂ ಸೇರಿ ಏಳು ಸಾವಿರ.'
'ಸತ್ತದ್ದಕ್ಕೂ ಸೇರಿಸೇನ್ರೀ?'
ಅಂದದ್ದು ನಾನೇ.
ಕರೀದರ ಕತ್ತು ಹಿಡಿದು ಸ್ವಲ್ಪ ಹೊತ್ತು ನೋಡಿದರು.
'ಅದೂ ಖರೆ ಬಿಡು. ಕೆಂಪದಕ್ಕ ನಾಕೂವರಿ ಕೊಡು,
ಇದನ್ನ ಹಂಗ ಒಯ್ಯಿ.
ಏನಂದಿ ನಿನ್ನ ಹೆಸರು?'
'ಮೌನೇಶ.'
ಹೆಸರಿಗೆ ತಕ್ಕ ಹಾಗೆ ಆಮೇಲೆ ಸುಮ್ಮನಿದ್ದೆ.

ರಾಯಚೂರು ಬಸ್ಸಿನ ಕಂಡಕ್ಟರು ಎರಡು ಲಗೇಜು ಹರಿದ.
ಇದ್ದದ್ದಕ್ಕೂ ಅಷ್ಟೇ, ಸತ್ತದ್ದಕ್ಕೂ ಅಷ್ಟೇ.
ನಾನು ಪೂರ್ತಿ ಹಣ ಕೊಟ್ಟದ್ದು
ಅವನೊಬ್ಬನಿಗೆ.

ರಾತ್ರಿ ಅರ್ಧ ಶಟರು ಎಳೆದು ಸೋಲ್ಡರು ಕಾಯಿಸಿದೆ.
ಬಹುದಿನದ ನಲ್ಲಿ ತಿರುಗಿಸಿದಾಗ ಆಗುತ್ತದಲ್ಲ,
ಕರೀದು ಹಾಗೆ ಕೆಮ್ಮಿತು, ಉಗುಳಿತು,
ಆಮೇಲೆ ಒಮ್ಮೆಲೇ ಬಂತು.
ಕೆಂಪದಕ್ಕಿಂತ ತಗ್ಗಿನ ದನಿ.
ಗಲ್ಲಿಯ ನಾಯಿ ಬೊಗಳುವುದು ನಿಲ್ಲಿಸಿತು.
ಸುತ್ತಿದ ತಾಮ್ರವೆಲ್ಲ ಅಂಗಡಿಯಲ್ಲಿ ನನ್ನನ್ನೇ ನೋಡಿದ ಹಾಗಾಯಿತು.

ಅದಾದ ಮೇಲೆ ಕೆಂಪದನ್ನೇ ಮುಟ್ಟಿದೆ, ಒಂಬತ್ತು ದಿನ.
ಕರೀದನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿದ್ದೆ.

ಮೂವತ್ತನೇ ತಾರೀಖು ಫೋನು ಹಚ್ಚಿದೆ.
'ಹಲೋ, ಯಾರ್ರೀ?'
ಆ ಕಡೆ ಟ್ರಂಕು ಎಳೆಯುವ ಸದ್ದು.
ಮಾತು ಬರಲಿಲ್ಲ. ಫೋನನ್ನು ಸ್ಪೀಕರಿನ ಮುಂದೆ ಇಟ್ಟು
ದಪ್ಪ ತಂತಿಯಿಂದ ಶುರು ಮಾಡಿ ಒಂದೊಂದಾಗಿ
ಆರೂ ಮೀಟಿದೆ.

ಟ್ರಂಕಿನ ಸದ್ದು ನಿಂತಿತು.
'ಕರೀದು,' ಅಂದರು.
ಎಷ್ಟೋ ಹೊತ್ತಿನ ಮೇಲೆ,
'ಮೂರನೇ ತಂತಿ ಇಳದದ ನೋಡು.
ಆ ಬೋಲ್ಟು ಎಡಕ್ಕ ತಿರುಗಸ್ಬೇಕು, ಬಲಕ್ಕಲ್ಲ.
ಅರ್ಧ ಸುತ್ತು.'